ಹಿಂದಿ ಬಾರದ ಅತ್ತಿ ನೋಡಿದ ಕಾರ್ಟೂನು

ಅವ್ವ ತೀರಿಕೊಂಡಾಗ ನಾನು ಮೂರನೇ ಇಯತ್ತೆ, ತಮ್ಮ ಇನ್ನೂ ಶಾಲೆಗೆ ಸೇರಿರಲಿಲ್ಲ. ಅಪ್ಪನ ಅಕ್ಕ, ನಮ್ಮ ಅತ್ತಿ, ಮಾಸೂರಿನಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಒಬ್ಬಳೇ ಇದ್ದಳು. ನಾಲ್ಕು ದಿನ ಇದ್ದು ಹೋಗುತ್ತೇನೆಂದು ನಮ್ಮೂರು ದುಂಡಸಿಗೆ ಬಂದವಳು ನಮ್ಮನ್ನು ಬಿಟ್ಟು ಹೋಗಲೇ ಇಲ್ಲ. ಮಷಿನ್ನೂ ಹಿಂದಿನಿಂದ ಟೆಂಪೋದಲ್ಲಿ ಬಂತು.

ಆ ವರ್ಷ ಟಿವಿಯಲ್ಲಿ ಒಂದು ಜಪಾನಿ ಕಾರ್ಟೂನು ಬರುತ್ತಿತ್ತು, ಹಿಂದಿ ಮಾತಿನದು. ಸಣ್ಣ ಊರಿನಲ್ಲಿ ಶಾವಿಗೆ ಅಂಗಡಿ ಇಟ್ಟ ಒಬ್ಬ ದಪ್ಪ ಕಾಕಾ, ಅವನ ಜೊತೆ ಇಬ್ಬರು ಮಕ್ಕಳು. ಕಾಕಾನದು ದಿನಾ ಒಂದು ಫಜೀತಿ. ಜಾರಿ ಬೀಳುತ್ತಿದ್ದ, ಇಲ್ಲವೆ ಹಿಟ್ಟಿನ ಡಬ್ಬಿ ತಲೆ ಮೇಲೆ ಸುರಿದುಕೊಳ್ಳುತ್ತಿದ್ದ. ನಾವು ಟಿವಿ ಮುಂದೆ ಕುಂತರೆ ಅತ್ತಿಯೂ ಮಷಿನ್ ನಿಲ್ಲಿಸಿ ಬಂದು ಕೂಡುತ್ತಿದ್ದಳು. ಅವಳಿಗೆ ಹಿಂದಿ ಒಂದಕ್ಷರ ತಿಳಿಯುತ್ತಿರಲಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ, ಹಾನಗಲ್ಲಿನ ನಮ್ಮ ಮನೆಯಲ್ಲಿ, ಮಗಳು ಮೊಬೈಲ್ ಹಿಡಿದುಕೊಂಡು ನಗುತ್ತಿದ್ದಳು. ದನಿ ಕೇಳಿಯೇ ಗುರುತು ಹತ್ತಿತು, ಅದೇ ಕಾಕಾ. ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಪಕ್ಕ ಕೂತೆ.

ಕಾರ್ಟೂನಿನ ಮಕ್ಕಳಿಬ್ಬರೂ ಸ್ಟೇಷನ್ನಿನಲ್ಲಿ ನಿಂತು, ರೈಲಿನಿಂದ ಇಳಿದು ಬರುವ ಬೇರೆಯವರ ಅವ್ವ ಅಪ್ಪಂದಿರನ್ನು ನೋಡುತ್ತಿದ್ದರು. ಹಿಂದೆ ನಿಂತ ಕಾಕಾ ಸ್ವಲ್ಪ ಹೊತ್ತು ಅವರ ಬೆನ್ನನ್ನೇ ನೋಡಿದ. ಆಮೇಲೆ ನೀರಿನ ಬಕೆಟಿನೊಳಗೆ ಕಾಲಿಟ್ಟು ದಡಕ್ಕನೆ ಬಿದ್ದ. ಮಕ್ಕಳು ತಿರುಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕವಳಿದ್ದಾಗ ನನಗೆ ಅವನು ಬಿದ್ದದ್ದಷ್ಟೇ ಕಂಡಿತ್ತು. ಬೀಳುವ ಮೊದಲು ಬಕೆಟ್ ಎಲ್ಲಿದೆ ಎಂದು ಓರೆಗಣ್ಣಿನಲ್ಲಿ ನೋಡಿಕೊಂಡದ್ದು ಕಂಡಿರಲಿಲ್ಲ.

"ಯವ್ವಾ, ನಗೋದು ಬಿಟ್ಟು ಯಾಕ ಅಳಾಕತ್ತಿ?" ಅಂದಳು ಮಗಳು.

ಉಳಿದ ಕಂತುಗಳನ್ನೂ ನೋಡಿದೆ. ಮಕ್ಕಳ ಅವ್ವ ಅಪ್ಪ ಎಲ್ಲಿದ್ದಾರೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಕ್ಕಳ ಮುಖ ಬಾಡಿದಾಗೆಲ್ಲ ಕಾಕಾ ಎಲ್ಲೋ ಒಂದು ಕಡೆ ಬೀಳುತ್ತಾನೆ, ಅಷ್ಟೆ.

ಆ ಭಾನುವಾರ ಮಗಳನ್ನು ಕರೆದುಕೊಂಡು ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ದುಂಡಸಿಗೆ ಹೋದೆ. ತಮ್ಮನ ಸಂಸಾರದ ಜೊತೆಗಿರುವ ಅತ್ತಿ ಕಟ್ಟೆಯ ಮೇಲೆ ಕೂತು ಜಂಪರಿಗೆ ಗುಂಡಿ ಹಚ್ಚುತ್ತಿದ್ದಳು. ಮೊಬೈಲ್ ತೋರಿಸಿದೆ.

"ಈ ದಪ್ಪ ಕಾಕಾನ ಮರಿಯೋದುಂಟೇನ!" ಎಂದು ಅರಳಿದಳು.

"ಅತ್ತಿ, ನಿನಗ ಹಿಂದಿ ಬರ್ತಿರಲಿಲ್ಲ. ಏನ್ ತಿಳೀತಿತ್ತು?"

"ಮಾತು ಯಾಕ ಬೇಕಿತ್ತವ್ವಾ? ಹಡದವರಿಲ್ಲದ ಹುಡುಗೂರನ್ನ ನಗಸಾಕತ್ತಾನ ಅಂತ ಮೊದಲನೇ ದಿನಾನ ತಿಳೀತು. ನನಗೂ ಅದ ಚಿಂತಿ ಆಗಿತ್ತು. ಅಡಿಗಿ ಮಾಡಿ ಹಾಕತಿದ್ದೆ, ಅರಬಿ ಹೊಲದು ಕೊಡತಿದ್ದೆ, ನಗಸೋದು ಹೆಂಗಂತ ಗೊತ್ತಿರಲಿಲ್ಲ. ನಿನ್ನ ತಮ್ಮ ಊಟಾನ ಬಿಟ್ಟಿದ್ದ. ಈ ಕಾಕಾನ್ನ ನೋಡಿ ಕಲತೆ."

ಹಳೆಯದೆಲ್ಲ ಕಣ್ಣ ಮುಂದೆ ಬಂತು. ರೊಟ್ಟಿ ಬಡಿಯುವಾಗ ಮೂಗಿನ ಕೆಳಗೆ ಜೋಳದ ಹಿಟ್ಟಿನ ಮೀಸೆ ಬರೆದುಕೊಂಡು ನಮ್ಮ ಕಡೆ ತಿರುಗುತ್ತಿದ್ದ ಅತ್ತಿ, ಅಪ್ಪನ ಪಟಕಾ ಸುತ್ತಿಕೊಂಡು ಗೌಡಕಿ ಗತ್ತಿನಲ್ಲಿ ಪಡಸಾಲೆಗೆ ಬರುತ್ತಿದ್ದ ಅತ್ತಿ. ಹುಟ್ಟಿನಿಂದಲೇ ಅವಳು ಹಾಗೆ ಎಂದು ನಾವಷ್ಟೇ ಅಲ್ಲ, ಓಣಿಯವರೆಲ್ಲ ತಿಳಿದಿದ್ದರು.

"ಮಾಸೂರಾಗ ನನ್ನ ನಗು ಯಾರೂ ಕೇಳಿದ್ದಿಲ್ಲ," ಅಂದಳು. "ನಾ ಭಾಳ ಮಾತಾಡಾಕಿನೂ ಅಲ್ಲ."

"ನೀ ಬರದಿದ್ರ ನಾವೇನಾಗ್ತಿದ್ವಿ ಅತ್ತಿ?"

"ಏನಾಗ್ತಿದ್ರಿ? ಶಾವಿಗಿ ಅಂಗಡ್ಯಾಗ ಹೋಗಿ ಉಣತಿದ್ರಿ." ಅಷ್ಟು ಹೇಳಿ ಸೂಜಿಗೆ ದಾರ ಪೋಣಿಸತೊಡಗಿದಳು. ಅವಳ ಕಣ್ಣು ಒದ್ದೆಯಾಗಿತ್ತು. ದಾರ ಒಳಗೆ ಹೋಗಲಿಲ್ಲ. ನಾನು ಇಸಿದುಕೊಂಡು ಪೋಣಿಸಿ ಕೊಟ್ಟೆ. ನಿನ್ನ ಋಣ ದೊಡ್ಡದು ಎಂದು ಹೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು "ಚಹಾ ಮಾಡ್ಲೇನು?" ಎಂಬುದಷ್ಟೇ.

ಚಹಾ ಕುಡಿದು ಮೂವರೂ ಕಟ್ಟೆಯ ಮೇಲೆ ಕೂತು ಆ ಕಾರ್ಟೂನು ನೋಡಿದೆವು. ಸಂಜೆ ಬಸ್ಸಿಗೆ ಕಳಿಸಲು ಬಂದ ಅತ್ತಿ, ಅದನ್ನು ತನ್ನ ಮೊಬೈಲಿನಲ್ಲೂ ಹಾಕಿಕೊಡಲು ತಮ್ಮನಿಗೆ ಹೇಳು ಅಂದಳು.

"ಆವಾಗ ಕಲಿಯಾಕ ನೋಡತಿದ್ದೆ," ಅಂದಳು. "ಈಗ ನಗಾಕ ನೋಡತೇನಿ."