ಮಾವ ಕಾಡಿಗೆ ಕಟಿಂಗ್ ಮಾಡಿದ್ದು

ಕೆದರಿದ್ದು ಏನು ಕಂಡರೂ ನನ್ನ ಮಾವನವರಿಗೆ ಕೈ ತುರಿಸುತ್ತದೆ. ಜೀವಮಾನವಿಡೀ ಕಟಿಂಗ್ ಶಾಪ್ ನಡೆಸಿದವರು. ಕಾಲೊರಸಿನ ಅಂಚಿನ ದಾರವನ್ನೂ ಬಿಟ್ಟವರಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಪೊರಕೆಯ ತುದಿಯನ್ನೂ ಕತ್ತರಿಸಿ ಸಮ ಮಾಡಿಕೊಟ್ಟರು. ಪೊರಕೆ ಸೊಗಸಾಗಿತ್ತು, ಕಸ ಮಾತ್ರ ಬರಲಿಲ್ಲ.

ಅಂಗಡಿಯ ಹಿಂಬಾಗಿಲು ತೆರೆದರೆ ಒಂದು ಖಾಲಿ ಸೈಟು. ಕಸ ಸುರಿಯುತ್ತಿದ್ದ ಆ ಜಾಗವನ್ನು ಬೀದಿಯವರೆಲ್ಲ ಸೇರಿ ಹಸನು ಮಾಡಿ ಗಿಡ ನೆಟ್ಟಿದ್ದರು. ಎಲ್ಲರೂ ಆರಂಭಶೂರರು, ಬಕೆಟ್ಟಿನಲ್ಲಿ ನೀರು ಹೊತ್ತವರು ಮಾವ ಒಬ್ಬರೇ. ಮರಗಳು ಮಹಡಿಯೆತ್ತರ ಬೆಳೆದವು. ಅವುಗಳ ಕೆಳಗೆ ಪೊದೆ, ಬಳ್ಳಿ, ಹುಲ್ಲು ತಾವಾಗಿಯೇ ಹುಟ್ಟಿದವು. ಚಿಟ್ಟೆ, ಓತಿಕ್ಯಾತ, ಹೆಸರು ಗೊತ್ತಿಲ್ಲದ ಹಕ್ಕಿಗಳು ಬಂದವು. ಗಿರಾಕಿಗಳು ಕನ್ನಡಿ ಬಿಟ್ಟು ಹಿಂಬಾಗಿಲ ಕಡೆ ತಿರುಗಿದರೆ, "ಅಲ್ಲಾಡಬೇಡಿ, ಕಿವಿ ಹೋಗುತ್ತೆ" ಎಂದು ಮಾವ ಗದರುತ್ತಿದ್ದರು. ಒಳಗೊಳಗೇ ಹಿಗ್ಗುತ್ತಲೂ ಇದ್ದರು.

ಅಷ್ಟರಲ್ಲಿ ಬೀದಿಯ ಕಾರಿನವರ ಕಣ್ಣು ಆ ಜಾಗದ ಮೇಲೆ ಬಿತ್ತು. ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು ಮಾವನ ಹಳೆಯ ಗಿರಾಕಿ. ಬೀದಿಯಲ್ಲಿ ತಲೆಗೆ ತಾಮ್ರದ ಬಣ್ಣ ಹಚ್ಚಿಸಿಕೊಳ್ಳುವವರು ಅವರೊಬ್ಬರೇ. ಕಾಡು ಇರಬೇಕೋ ಪಾರ್ಕಿಂಗ್ ಆಗಬೇಕೋ, ನೋಡಿ ಹೇಳುತ್ತೇನೆ ಎಂದರು. ದೊಡ್ಡವರು ಬರುತ್ತಾರೆಂದು ಮಾವ ಏನು ಮಾಡಿದರು ಗೊತ್ತೇ? ಇಡೀ ಕಾಡಿಗೆ ಕಟಿಂಗ್ ಮಾಡಿಬಿಟ್ಟರು! ಪೊದೆಗೆ ದುಂಡು ಕ್ರಾಪು, ಹುಲ್ಲಿಗೆ ಮಿಷನ್ ಕಟ್ಟು, ಬಳ್ಳಿಗೆ ನುಣ್ಣನೆ ಬೋಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಅವಿತುಕೊಳ್ಳಲು ಜಾಗವಿಲ್ಲದೆ ಹಕ್ಕಿಗಳೆಲ್ಲ ಹಾರಿಹೋದವು.

"ಒಂದು ಗುಬ್ಬಿಯೂ ಇಲ್ವಲ್ಲಯ್ಯ, ಇದ್ಯಾವ ಸೀಮೆ ಕಾಡು?" ಅಂದರು ಅಧ್ಯಕ್ಷರು. "ಬೇಸಿಗೆ ಕೊನೇಲಿ ಪಾರ್ಕಿಂಗಿಗೆ ಅಳತೆ ಹಾಕಿಸ್ತೀನಿ."

ಮಾವ ಅವತ್ತು ಅನ್ನ ಮುಟ್ಟಲಿಲ್ಲ. "ನನ್ನ ಕೈಯಾರೆ ಓಡಿಸ್ಬಿಟ್ಟೆ ಕಣಮ್ಮ" ಎಂದು ನನ್ನೆದುರು ಕಣ್ಣೀರು ಹಾಕಿದರು. ಮಜ್ಜಿಗೆಯನ್ನಾದರೂ ಕುಡಿಯಿರಿ ಎಂದು ನಾನು ಲೋಟ ಮುಂದಿಟ್ಟೆ. ಅತ್ತೆ ಮಾತ್ರ, "ಇನ್ನೊಂದ್ಸಲ ಕತ್ತರಿ ಹಿಡ್ಕೊಂಡು ಅತ್ತ ಹೋಗಿ, ನಿಮ್ಮ ಮೀಸೆ ಇರುತ್ತಾ ನೋಡೋಣ" ಎಂದರು. ಮೀಸೆ ಎಂದರೆ ಮಾವನಿಗೆ ಪ್ರಾಣ.

ಅಂದಿನಿಂದ ಕಾಡಿಗೆ ಹೋಗುವಾಗ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ನೀರು ಹಾಕುವುದು, ಗಿರಾಕಿಗೆ ಹೊದಿಸಿದ ಬಟ್ಟೆಯನ್ನು ಎಂದಿನಂತೆ ಹಿಂಬಾಗಿಲಲ್ಲಿ ಕೊಡವುವುದು, ಅಷ್ಟೇ. ಪೊದೆ ಮತ್ತೆ ಕೆದರಿಕೊಂಡಿತು. ಒಣಗಿದೆಲೆ ಬಿದ್ದಲ್ಲೇ ಕೊಳೆಯಿತು. ಮಾವ ಹಲ್ಲು ಕಚ್ಚಿ ಸಹಿಸಿಕೊಂಡರು. ಮೊದಲು ಹುಳು ಬಂದವು, ಹುಳುವಿನ ಆಸೆಗೆ ಹಕ್ಕಿಗಳು ಬಂದವು.

ಬೇಸಿಗೆಯ ಕೊನೆಗೆ ಅಧ್ಯಕ್ಷರು ಟೇಪು ಹಿಡಿದು ಬಂದರು, ಹಿಂದೆ ಕಾರಿನವರ ದಂಡು. ಮಾವ ಅವರ ತೋಳು ಹಿಡಿದು ಪೊದೆಯ ಮುಂದೆ ನಿಲ್ಲಿಸಿದರು. ಒಳಗೊಂದು ಗೂಡು. ಬಾಯಿ ತೆರೆದ ಪುಟ್ಟ ಮರಿಗಳು. ಅವುಗಳ ಕೆಳಗೆ ಮೆತ್ತೆಯಂತೆ ಹಾಸಿದ್ದು ತಾಮ್ರದ ಬಣ್ಣದ ಕೂದಲು.

ಅಧ್ಯಕ್ಷರ ಕೈ ತಾನಾಗಿ ತಲೆಗೆ ಹೋಯಿತು.

"ಇದು ನಂದಲ್ವೇನಯ್ಯ?"

"ನಿಮ್ಮದೇ ಸ್ವಾಮಿ. ಹೋದ ತಿಂಗಳ ಕಟಿಂಗು."

ಹಿಂದಿನಿಂದ ಯಾರೋ "ಅಳತೆ ಶುರು ಮಾಡೋಣ್ವಾ ಸಾರ್?" ಎಂದು ಕೂಗಿದರು. ಅಧ್ಯಕ್ಷರು ಟೇಪನ್ನು ಜೇಬಿಗಿಳಿಸಿ, ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗ್ರೀ! ಮಕ್ಕಳು ಮಲಗೋ ಹೊತ್ತು."

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಅಧ್ಯಕ್ಷರು ಈಗ ವಾರಕ್ಕೊಮ್ಮೆ ಅಂಗಡಿಗೆ ಬಂದು ಕೂರುತ್ತಾರೆ. ಕತ್ತರಿಸಲು ತಲೆಯಲ್ಲಿ ಏನೂ ಉಳಿದಿಲ್ಲ ಎಂದು ಮಾವ ಎಷ್ಟು ಹೇಳಿದರೂ ಕೇಳುವುದಿಲ್ಲ.