ಕೆಂಚನನ್ನು ನನಗೆ ಒಪ್ಪಿಸಿ ಹೋದವರು

ಕಳೆದ ವಾರ ಮದ್ದೂರಿನ ಹಿಟ್ಟಿನ ಮಿಲ್ಲೊಂದರಲ್ಲಿ ಮಳೆ ನಿಲ್ಲಲೆಂದು ಕಾಯುತ್ತಿದ್ದೆ. ಆಗ ತಾನೇ ಬೀಸಿದ ರಾಗಿ ಹಿಟ್ಟಿನ ಬಿಸಿ ವಾಸನೆ, ಹೊರಗೆ ಗುಡುಗು. ಎರಡೂ ಒಟ್ಟಿಗೆ ಬಂದಾಗ ಮಳವಳ್ಳಿಯ ಎದುರುಮನೆಯ ಅಕ್ಕ ನೆನಪಾದರು.

ನಾನು ವರದಿಗಾರನಾಗಿ ಮಳವಳ್ಳಿಯ ಬಾಡಿಗೆ ಕೋಣೆಯಲ್ಲಿದ್ದ ಕಾಲವದು. ಅಕ್ಕ ಶಾಲೆಯೊಂದರಲ್ಲಿ ಬಿಸಿಯೂಟ ಮಾಡುತ್ತಿದ್ದರು. ಮನೆಯಲ್ಲಿ ಅವರು ಮತ್ತು ಕೆಂಚ ಎಂಬ ನಾಟಿ ನಾಯಿ, ಇಬ್ಬರೇ. ಬೀದಿಯಲ್ಲಿ ಯಾರಿಗೂ ಜಗ್ಗದ ಕೆಂಚ ಗುಡುಗಿಗೆ ಮಾತ್ರ ನಡುಗುತ್ತಿತ್ತು. ಮೋಡ ಕಟ್ಟಿದ ಕೂಡಲೇ ಅಕ್ಕ ಅದನ್ನು ಒಳಗೆ ಕರೆದು, ಕಿಟಕಿ ಮುಚ್ಚಿ, ಮೂಲೆಯಲ್ಲಿ ಗೋಣಿಚೀಲ ಹಾಸುತ್ತಿದ್ದರು. ಆಮೇಲೆ ಕಾಲು ಚಾಚಿ ಕುಳಿತು ಬೀಸುವ ಕಲ್ಲು ತಿರುಗಿಸುತ್ತಿದ್ದರು. ಒಂದೊಂದೇ ಹಿಡಿ ರಾಗಿ, ಗುಡುಗು ನಿಲ್ಲುವವರೆಗೆ. ಆ ಒಂದೇ ಸಮನಾದ ಸದ್ದಿಗೆ ಕೆಂಚ ಅವರ ತೊಡೆಗೆ ಗಲ್ಲ ಒತ್ತಿಕೊಂಡು ಮಲಗಿಬಿಡುತ್ತಿತ್ತು...

ಒಮ್ಮೆ ಭರಣಿ ಮಳೆಯ ಸಮಯದಲ್ಲಿ ಮಗಳ ಹೆರಿಗೆಗೆಂದು ಕೆರಗೋಡಿಗೆ ಹೊರಟ ಅಕ್ಕ, ಮನೆಯ ಬೀಗದ ಕೈ ನನಗೆ ಕೊಟ್ಟರು.

“ಗುಡುಗು ಸುರುವಾಗೋಕ್ ಮುಂಚೆನೇ ಒಳಿಕ್ ಕರ್ಕೊಳಪ್ಪ. ಕಟ್ಟಾಕ್ಬುಟ್ಟು ಮಾತ್ರ ಓಗ್ಬೇಡ. ಮುದ್ದುಗಿದ್ದು ಮಾಡ್ಬೇಡ, ಏನೋ ಆಯ್ತು ಅಂತ ಇನ್ನೂ ಎದ್ರುಕತದೆ. ಸುಮ್ನೆ ಕಲ್ಲು ತಿರುಗುಸ್ತಾ ಕೂತ್ಕೊ.”

“ನಾಯಿಗೆ ರಾಗಿ ಬೀಸೋದಾ ಅಕ್ಕ? ರೊಟ್ಟಿನೂ ತಟ್ಟಿಕೊಡ್ಬೇಕಾ?” ಎಂದೆ.

“ನಗಾಡು, ನಗಾಡು. ನಿಮ್ ಪೇಪರ್‌ನೋರ್ಗೆ ಮಳೆ ಅಂದ್ರೆ ಸುದ್ದಿ ಕಣಪ್ಪ. ಕೆಂಚಂಗೆ ಜೀವ ಬಾಯಿಗ್ ಬತ್ತದೆ” ಎಂದು ಬಸ್ಸು ಹತ್ತಿದರು.

ಮೂರನೆಯ ದಿನ ಮಧ್ಯಾಹ್ನ ಗಾಳಿ ಎದ್ದಿತು. ಮದ್ದೂರು ರಸ್ತೆಯಲ್ಲಿ ಕಂಬಗಳು ಉರುಳಿವೆ, ಫೋಟೊ ಬೇಕು ಎಂದು ಕಚೇರಿಯಿಂದ ಫೋನು ಬಂತು. ಕೆಂಚ ಆಗಲೇ ನನ್ನ ಬಾಗಿಲಿಗೆ ಬಂದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಎದುರುಮನೆಯ ಬಾಗಿಲು ತೆಗೆದು ಅದನ್ನು ಒಳಗೆ ಬಿಡಲು ಒಂದು ನಿಮಿಷ ಸಾಕಿತ್ತು. ನಾನು ಅದನ್ನು ಅಕ್ಕನ ಜಗಲಿಯ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿ ಬೈಕು ಹತ್ತಿದೆ.

ಬಿದ್ದ ಕಂಬಗಳನ್ನು ನೋಡಿದೆ, ನೆಲಕಚ್ಚಿದ ಬಾಳೆಯ ಫೋಟೊ ತೆಗೆದೆ, ವರದಿ ಕಳಿಸಿದೆ. ಸಂಜೆ ಬಂದಾಗ ಸರಪಳಿಯ ತುದಿಯಲ್ಲಿ ಕೊರಳಪಟ್ಟಿಯಷ್ಟೇ ಇತ್ತು. ಅದರೊಳಗೆ ಕೂದಲು, ಸ್ವಲ್ಪ ರಕ್ತ. ಸುಣ್ಣದ ಗೋಡೆಯ ಮೇಲೆ ಉಗುರಿನ ಗೆರೆಗಳು. ಕೆರೆ ಏರಿಯ ಕಡೆಗೆ ಓಡುತ್ತಿತ್ತೆಂದು ಒಬ್ಬರು ಹೇಳಿದರು. ಎರಡು ದಿನ ಹುಡುಕಿದೆ... ಸಿಗಲಿಲ್ಲ.

ಅಕ್ಕ ಬರುವ ಮುಂಚೆ ಕೊರಳಪಟ್ಟಿಯನ್ನು ಎಸೆದೆ. ಗೋಡೆಯ ಗೆರೆಗಳಿಗೆ ಸುಣ್ಣ ಬಳಿದೆ. “ಒಳಗೇ ಬಿಟ್ಟಿದ್ದೆ ಅಕ್ಕ. ಗಾಳಿಗೆ ಹಿತ್ತಲ ಬಾಗಿಲು ತೆರ್ಕೊಂಡಿತ್ತು” ಎಂದೆ.

ಅಕ್ಕ ಹೋಗಿ ಹಿತ್ತಲ ಬಾಗಿಲ ಅಗಳಿಯನ್ನು ಅಲುಗಾಡಿಸಿ ನೋಡಿದರು. “ಸಡ್ಲ ಆಗಿತ್ತು. ಸರಿ ಮಾಡ್ಸವ್ವ ಅಂತ ಮಗ್ಳು ಏಳ್ತಾನೇ ಇದ್ಲು. ನಾನೇ ಕೇಳ್ನಿಲ್ಲ. ನೀನ್ಯಾಕಪ್ಪ ಮುಖ ಸಣ್ಣ ಮಾಡ್ಕೊಂಡಿದ್ದೀಯ, ಕಾಪಿ ಕುಡಿ ಬಾ.”

ಆ ಕಾಫಿಯನ್ನು ನಾನು ಕುಡಿದೆ.

ಮರುದಿನವೇ ಬಡಗಿಯನ್ನು ಕರೆಸಿ ಹೊಸ ಅಗಳಿ ಹಾಕಿಸಿದರು. ಆದರೆ ಆ ವರ್ಷದ ಮಳೆಗಾಲವಿಡೀ ಗುಡುಗು ಕೇಳಿದಾಗಲೆಲ್ಲ ಬೀದಿ ಬಾಗಿಲನ್ನೂ ಹಿತ್ತಲ ಬಾಗಿಲನ್ನೂ ಪೂರ್ತಿ ತೆರೆದಿಟ್ಟು ಕಲ್ಲು ತಿರುಗಿಸುತ್ತಿದ್ದರು. ಸದ್ದು ದೂರಕ್ಕೆ ಕೇಳಲಿ ಎಂದು. ಎರಚಲಿಗೆ ಹಿಟ್ಟು ನೆನೆಯುತ್ತಿತ್ತು. ನಾನು ಎದುರಿನ ಕೋಣೆಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದೆ. ಹೇಳಬಹುದಾಗಿದ್ದ ದಿನಗಳು ಎಷ್ಟೋ ಇದ್ದವು... ಅಷ್ಟರಲ್ಲಿ ನನಗೆ ಮಂಡ್ಯಕ್ಕೆ ವರ್ಗವಾಯಿತು.

ಅಕ್ಕ ತೀರಿಕೊಂಡ ಸುದ್ದಿ ಎರಡು ವರ್ಷದ ಹಿಂದೆ ಅವರ ಮಗಳಿಂದ ತಿಳಿಯಿತು. ಫೋನಿನಲ್ಲಿ ಆಕೆ, “ಆ ಅಗಳಿ ವಿಚಾರ ಕೊನೇವರ್ಗೂ ಏಳ್ಕೊಂಡು ಕೊರಗ್ತಿತ್ತು ಕಣಣ್ಣ ನಮ್ಮವ್ವ” ಎಂದಳು. ತಿಥಿ ಯಾವತ್ತೆಂದು ಕೇಳಿಕೊಂಡು ಫೋನು ಇಟ್ಟೆ.

ಹೆಸರಿನಲ್ಲಿ ಒಂದಕ್ಷರ ತಪ್ಪಾದರೂ ಮರುದಿನ ತಿದ್ದುಪಡಿ ಹಾಕುವ ಕೆಲಸದಲ್ಲಿ ನಾನು ಇಂದಿಗೂ ಇದ್ದೇನೆ. ಇದನ್ನು ಓದಬೇಕಾದವರು ಈಗಿಲ್ಲ. ಆದರೂ ಬರೆಯುತ್ತಿದ್ದೇನೆ: ಆ ದಿನ ಹಿತ್ತಲ ಬಾಗಿಲು ತೆರೆದುಕೊಳ್ಳಲಿಲ್ಲ. ನಾನು ಆ ಮನೆಯ ಬೀಗವನ್ನೇ ತೆಗೆದಿರಲಿಲ್ಲ. ಕೆಂಚ ಹೊರಗಿತ್ತು.