ಬೋತ್ರಾಳ ಮನೆಯ ಚೀಟಿ

ವಿಲ್ಮಾ ಗೊರೆಂಟ್ಸ್ ಎಂಜಲು ಕೈಯಲ್ಲಿ ಕಾಗೆ ಓಡಿಸುವ ಹೆಂಗಸಲ್ಲ. ಕ್ಯಾನ್ಸಸ್‌ನ ಆ ಕಲ್ಲಿದ್ದಲಿನ ಊರಿನಲ್ಲಿ ಇದು ಎಲ್ಲರೂ ಒಪ್ಪಿದ ಮಾತು. ಎದುರಿಗೇ ಹೇಳಿದ್ದರೂ ಅವಳು ಅಲ್ಲಗಳೆಯುತ್ತಿರಲಿಲ್ಲ. ಹಳೆಯ ಜನಗಣತಿಯಲ್ಲಿ ಜನರ ವಯಸ್ಸು ಹುಡುಕಿಕೊಡುವ ಕಚೇರಿಯಲ್ಲಿ ಅವಳಿಗೆ ಕೆಲಸ. ನೆರೆಯವರದೆಂದು ಒಂದು ಅರ್ಜಿಯನ್ನೂ ಅವಳು ಸರದಿ ತಪ್ಪಿಸಿ ಮೇಲಿಟ್ಟದ್ದಿಲ್ಲ.

ಅದೇ ಬೀದಿಯ ಜೋಸೆಫಾ ಬರ್ತೋಲ್‌ಗೆ ಅವಳ ಬಳಿ ಹೋಗುವುದೆಂದರೆ ಹಲ್ಲು ಕೀಳಿಸಿಕೊಳ್ಳಲು ಹೋದಂತೆ. ಆದರೂ ಹೋದಳು. ಕೋಳಿ ಕರಿದು ಮಾರುವ ಹೋಟೆಲಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ನಿಂತು ಕಾಲುಗಳು ಬಾತು ಕಂಬವಾಗಿದ್ದವು. ಅರವತ್ತೆರಡು ತುಂಬಿದೆ ಎಂದು ರುಜುವಾತಾದರೆ ಪಿಂಚಣಿ. ಇಲ್ಲವಾದರೆ ಮತ್ತೆ ಎಣ್ಣೆ ಬಾಣಲೆ. ಜ್ಞಾನಸ್ನಾನದ ದಾಖಲೆ ಚರ್ಚಿನ ಜೊತೆ ಸುಟ್ಟುಹೋಗಿತ್ತು. ಉಳಿದದ್ದು ೧೯೦೦ರ ಗಣತಿಯೊಂದೇ.

ಕಚೇರಿಯಿಂದ ಬಂದಿದ್ದ ಉತ್ತರವನ್ನು ಅವಳು ವಿಲ್ಮಾಳ ಮುಂದೆ ಹರಡಿದಳು.

“ನೋಡೇ, ಅಪ್ಪ ಇದಾನೆ, ಅವ್ವ ಇದಾಳೆ, ಹದಿನೈದು ದಿನದ ಕೂಸು ಫ್ರಾಂಕೂ ಇದಾನೆ. ನಾನೊಬ್ಳೇ ಹುಟ್ಟಿಲ್ವಂತೆ! ಹಂಗಾದ್ರೆ ಅವನ ತೊಟ್ಟಿಲು ತೂಗಿದ್ದು ಯಾರು, ದೆವ್ವನಾ?”

“ಕೂಗಬೇಡಿ ತೇತಾ. ಚೀಟೀಲಿ ಇಲ್ಲದ್ದನ್ನ ನಾನು ಹುಟ್ಟಿಸೋಕಾಗಲ್ಲ.” ವಿಲ್ಮಾ ಊರಿನ ಹಿರಿಯ ಹೆಂಗಸರನ್ನೆಲ್ಲ ತೇತಾ ಎಂದೇ ಕರೆಯುತ್ತಿದ್ದಳು, ಚಿಕ್ಕಮ್ಮ ಎಂಬಂತೆ, ದನಿಯಲ್ಲಿ ಮಾತ್ರ ನೆಂಟಸ್ತಿಕೆ ಇರುತ್ತಿರಲಿಲ್ಲ. ಕಾಗದವನ್ನು ಎರಡು ಸಲ ಓದಿದಳು. “ಫ್ರಾಂಕ್ ಹುಟ್ಟಿದಾಗ ನೀವು ಎಲ್ಲಿದ್ರಿ?”

“ಇನ್ನೆಲ್ಲಿ? ಬೋತ್ರಾ ಮನೇಲಿ.”

ಬೋತ್ರಾ ಎಂದರೆ ಜ್ಞಾನಸ್ನಾನದ ತಾಯಿ. ಗಣಿಯ ಕೇರಿಗಳಲ್ಲಿ ಬಾಣಂತಿ ಎದ್ದು ಓಡಾಡುವ ತನಕ ದೊಡ್ಡ ಮಕ್ಕಳು ಬೋತ್ರಾಳ ಪಾಲು.

“ಗಣತಿಯವನು ಅಲ್ಲಿಗೆ ಹೋಗಿ ಮಕ್ಕಳೆಷ್ಟು ಅಂತ ಕೇಳಿದ್ರೆ?”

“ಎಲ್ಲಾ ನನ್ನವೇ ಅಂದಿರ್ತಾಳೆ. ಉಣ್ಣಿಸುವಾಗ್ಲೂ ಹಂಗೇ ಅನ್ನೋಳು, ಬಾರಿಸುವಾಗ್ಲೂ ಹಂಗೇ.”

“ಮನೆತನದ ಹೆಸರು?”

“ನಂಗೆ ಐದು ತುಂಬಿದಾಗ ಆ ಕೇರಿ ಬಿಟ್ವಿ. ಸ್ಟ್ರೂಬೆಲ್ಲೋ, ಸ್ಟ್ರಾವೆಲ್ಲೋ… ಗಂಡನ ಹೆಸರು ಮಾತಿಯಾ. ಬರ್ಯೋದು ಹೆಂಗೋ ಆ ದೇವರೇ ಬಲ್ಲ.”

“ಬರ್ಯೋದು ನನ್ನ ತಲೆನೋವು. ಕಿವಿಗೆ ಬಿದ್ದದ್ದು ಹೇಳಿ, ಸಾಕು.”

ಗಣತಿಯ ಪ್ರತಿ ಮನೆಗೂ ಕಚೇರಿಯಲ್ಲಿ ಒಂದು ಚೀಟಿ ಇತ್ತು, ಮನೆತನದ ಹೆಸರಿನ ಉಚ್ಚಾರವನ್ನು ಅಂಕಿಗಳಾಗಿಸಿ ಗುಂಪು ಗುಂಪಾಗಿ ಜೋಡಿಸಿದ್ದು. ವಿಲ್ಮಾ ತುಂಡು ಕಾಗದದಲ್ಲಿ ಆ ಅಂಕಿ ಬರೆದಳು. ಮೊದಲ ಅಕ್ಷರ ಎಸ್ ಉಳಿಯಿತು, ಸ್ವರಗಳು ಉದುರಿದವು. ಟ ಇದ್ದಲ್ಲಿ ಮೂರು, ರ ಇದ್ದಲ್ಲಿ ಆರು. ಬ, ಪ, ವ ಯಾವುದೇ ಇರಲಿ, ಒಂದು. ಮೂರಂಕಿ ಆದಮೇಲೆ ಉಳಿದದ್ದು ಲೆಕ್ಕಕ್ಕಿಲ್ಲ. ಎಸ್ ೩೬೧. ಗಣತಿಯವನು ಏನು ಕೇಳಿಸಿಕೊಂಡು ಏನು ಗೀಚಿದ್ದರೂ ಆ ಮನೆಯ ಚೀಟಿ ಈ ಅಂಕಿಯ ಗುಂಪಿನಲ್ಲೇ ಇರಬೇಕು. ಗುಂಪಿನೊಳಗೆ ಯಜಮಾನನ ಹೆಸರು ಹಿಡಿದು ಹುಡುಕಬಹುದು.

“ಹೊಸ ಅರ್ಜಿ ಬರ್ದುಕೊಡಿ. ಸರದಿ ಬಂದಾಗ ನೋಡ್ತೀನಿ.”

“ಈಗ್ಲೇ ಒಂದು ಕಣ್ಣು ಹಾಯಿಸಬಾರದೇನೇ?”

“ಆಗಲ್ಲ.”

ಸರದಿ ಬರಲು ಏಳು ವಾರ ಹಿಡಿಯಿತು. ಮೂರು ವರ್ಷದ ಜೋಸೆಫಾ, ಮಾರ್ಚ್ ೧೮೯೭ರಲ್ಲಿ ಹುಟ್ಟಿದವಳು, ಬೋತ್ರಾಳ ಮಗಳೆಂದೇ ಸಿಕ್ಕಿದಳು. ಕಚೇರಿಯ ಪತ್ರ ಮುಚ್ಚಿದ ಲಕೋಟೆಯಲ್ಲಿ ನೇರವಾಗಿ ಪಿಂಚಣಿಯವರಿಗೆ ಹೋಯಿತು. ಅವಳು ನಿಜಕ್ಕೂ ಯಾರ ಮಗಳೆಂದು ಹಳೆಯ ಕೇರಿಯ ಮುದುಕನೊಬ್ಬ ಪ್ರಮಾಣ ಮಾಡಿ ಹೇಳಿದ. ಜೋಸೆಫಾಳಿಗೆ ಬಂದದ್ದು ವಯಸ್ಸು ಒಪ್ಪಿತವಾಗಿದೆ ಎಂಬ ಒಂದು ಸಾಲು.

ಹೋಟೆಲಿನ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದ ದಿನ ಅವಳು ನೆನೆದದ್ದು ಮೊದಲು ಬೋತ್ರಾಳನ್ನು. ಆಮೇಲೆ, ಕೆಲಸವಿಲ್ಲದ ಕೆಟ್ಟ ಕಾಲದಲ್ಲಿ ಕೂಲಿಗೆ ಕೂತು ಗಣತಿಯ ಆ ಲಕ್ಷಗಟ್ಟಲೆ ಚೀಟಿ ಬರೆದ ಹೆಸರಿಲ್ಲದ ಕೈಗಳನ್ನು. ಕೊನೆಗೆ ವಿಲ್ಮಾಳನ್ನು. ಆಕ್ರೋಟು ತುಂಬಿ ಸುರುಳಿ ಸುತ್ತಿದ ಸಿಹಿ ರೊಟ್ಟಿ, ಪೊತಿತ್ಸಾ, ಬೇಯಿಸಿ ಅವಳ ಮನೆ ಬಾಗಿಲಿಗೆ ಒಯ್ದಳು.

“ಅರ್ಜಿದಾರರಿಂದ ಏನೂ ತಗೊಳ್ಳೋ ಹಾಗಿಲ್ಲ.”

“ಲಂಚ ಅಲ್ಲ ಮಾರಾಯ್ತಿ, ಪೊತಿತ್ಸಾ!”

“ಗೊತ್ತು. ವಾಸನೆ ಬರ್ತಿದೆ.”

“ಹೋಗ್ಲಿ, ಬೋತ್ರಾ ಹೆಸರು ಸರಿಯಾಗಿ ಏನಿತ್ತು ಅಂತಾದ್ರೂ ಹೇಳು. ಸತ್ತವರ ದಿನ ಒಂದು ದೀಪ ಹಚ್ಚಬೇಕು. ಅವಳ ಗೋರಿ ಯಾವ್ದು ಅಂತ್ಲೂ ನಂಗೆ ಗೊತ್ತಿಲ್ಲ.”

“ಬೇರೆಯವರ ಮನೆ ವಿಷಯ ಹೇಳೋ ಹಾಗಿಲ್ಲ ತೇತಾ.”

ಬಾಗಿಲು ಮುಚ್ಚಿತು. ಪೊತಿತ್ಸಾ ವಾಪಸು ಬಂತು. ಬೀದಿಗೆ ಆಡಿಕೊಳ್ಳಲು ಒಂದು ವಾರದ ಮಾತು ಸಿಕ್ಕಿತು.

ಸತ್ತವರ ದಿನಕ್ಕೆಂದು ನವೆಂಬರ್ ಒಂದರ ಸಂಜೆಯೇ ಸ್ಮಶಾನದ ತುಂಬ ಮೇಣದಬತ್ತಿಗಳು. ಜೋಸೆಫಾ ತನ್ನವರಿಗೆಲ್ಲ ಹಚ್ಚಿ ಮುಗಿಸಿ, ಮಿಕ್ಕ ಒಂದನ್ನು ಹಿಡಿದು ಹಳೆಯ ಗಣಿಗಾರರ ಸಾಲಿನಲ್ಲಿ ನಿಂತಿದ್ದಳು. ಸ್ಟ್ರೂಬೆಲ್, ಸ್ಟ್ರಾಪೆಲ್, ಸ್ಟ್ರೋವಿಲ್: ಒಂದನ್ನೊಂದು ಹೋಲುವ ಐದಾರು ಕಲ್ಲುಗಳು. ಯಾವುದಕ್ಕೆಂದು ಹಚ್ಚುವುದು?

ತನ್ನ ತಾಯಿಯ ಗೋರಿಯಿಂದ ಹೊರಟ ವಿಲ್ಮಾ ಆ ದಾರಿಯಾಗಿ ಬಂದಳು. ಮಾತಾಡಿಸಲಿಲ್ಲ, ತಲೆಯನ್ನೂ ಅಲ್ಲಾಡಿಸಲಿಲ್ಲ. ಆ ಐದಾರರಲ್ಲಿ ಬೇಲಿಯ ಪಕ್ಕ ವಾಲಿಕೊಂಡಿದ್ದ ಒಂದು ಕಲ್ಲಿನ ಮುಂದೆ ಮಂಡಿಯೂರಿ, ಅದನ್ನು ಮುಚ್ಚಿದ್ದ ಹುಲ್ಲನ್ನು ಬರಿಗೈಯಲ್ಲೇ ಕಿತ್ತಳು. ತನ್ನ ಬೆಂಕಿಪೊಟ್ಟಣವನ್ನು ಕಲ್ಲಿನ ಮೇಲಿಟ್ಟು, ಕೈಯ ಮಣ್ಣು ಕೊಡವಿಕೊಂಡು, ತಿರುಗಿ ನೋಡದೆ ಗೇಟಿನತ್ತ ನಡೆದಳು.